‘ಕಲಾವಿದರ ಕಾಲನಿ’: ಒಕ್ಕಲು ಇಲ್ಲದ ಮೇಲೆ ಕಾಲನಿ ಎಲ್ಲಿಯದು?

ಮೊನ್ನೆ ಮತ್ತೊಂದು ಜಾಹೀರಾತು ಕಣ್ಣಿಗೆ ಬಿತ್ತು. ಕಡಲ ಪಕ್ಕ ಸೈಟುಗಳು, ಗೇಟಿನ ಬಳಿ ಒಂದು ಶಿಲ್ಪ, ಕಾಂಪೌಂಡಿನ ಮೇಲೆ ನಾಲ್ಕು ಚಿತ್ರ. ಹೆಸರು ‘ಆರ್ಟಿಸ್ಟ್ಸ್ ಕಾಲನಿ’. ಅಲ್ಲಿ ಮನೆ ಕಟ್ಟುವವರಲ್ಲಿ ಕಲಾವಿದರು ಇರುತ್ತಾರಾ ಎಂಬುದರ ಬಗ್ಗೆ ಒಂದು ಮಾತೂ ಇಲ್ಲ. ಮೂರು ದಿನದ ಕರಕುಶಲ ಮೇಳಕ್ಕೂ ಇದೇ ಹೆಸರು ಇಟ್ಟಿದ್ದನ್ನು ನೋಡಿದ್ದೇನೆ. ಮೇಳಕ್ಕೆ ಮೇಳ ಎನ್ನಿ, ಬಡಾವಣೆಗೆ ಬಡಾವಣೆ ಎನ್ನಿ. ಈ ಪದವನ್ನು ಮಾತ್ರ ಸುಮ್ನೆ ಬಿಟ್ಟುಬಿಡಿ.

ಗೊಂದಲ ಶುರುವಾಗುವುದು ‘ಕಾಲನಿ’ಯಿಂದಲೇ. ನಮ್ಮ ಮಾತಿನಲ್ಲಿ ಕಾಲನಿ ಅಂದರೆ ಸಾಲು ಮನೆ. ಪುಸ್ತಕದ ಕನ್ನಡದಲ್ಲಿ ‘ವಸಾಹತು’ ಎಂದರೆ ತಕ್ಷಣ ಬ್ರಿಟಿಷರು ನೆನಪಾಗುತ್ತಾರೆ. ಎರಡೂ ಮೂಲದಿಂದ ದೂರ ಸರಿದ ಅರ್ಥಗಳು. ಲ್ಯಾಟಿನ್‌ನಲ್ಲಿ ‘ಕೊಲೆರೆ’ ಎಂಬ ಕ್ರಿಯಾಪದ ಇದೆ. ಅದಕ್ಕೆ ಉಳುವುದು ಎಂಬ ಅರ್ಥವೂ ಇದೆ, ನೆಲೆಸುವುದು ಎಂಬ ಅರ್ಥವೂ ಇದೆ. ಅದರಿಂದ ‘ಕೊಲೋನಸ್’, ಅಂದರೆ ಬೇಸಾಯಗಾರ. ಅವನು ಹೋಗಿ ನೆಲೆಸಿದ ಜಾಗ ‘ಕೊಲೋನಿಯಾ’. ಅಗ್ರಿಕಲ್ಚರ್, ಕಲ್ಚರ್ ಎರಡೂ ಇದೇ ಬೇರಿನಿಂದ ಬಂದವು.

ಉಳುವುದು ಮತ್ತು ನೆಲೆಸುವುದು ಒಂದೇ ಪದದಲ್ಲಿ ಕೂತಿರುವುದು ನಮಗೆ ಹೊಸದೇನಲ್ಲ. ‘ಒಕ್ಕಲು’ ಇದೆಯಲ್ಲ! ಒಕ್ಕಲುತನ ಅಂದರೆ ಬೇಸಾಯ. ಮನೆ ಒಕ್ಕಲು ಅಂದರೆ ಹೊಸ ಮನೆಗೆ ಹೋಗಿ ನೆಲೆಸುವುದು. ಜಾಗ ಬಿಡಿಸಿದರೆ ಒಕ್ಕಲೆಬ್ಬಿಸಿದರು ಎನ್ನುತ್ತೇವೆ. ಹಾಗಾಗಿ ಕಲಾವಿದರ ಕಾಲನಿ ಎಂದರೆ ನನ್ನ ಲೆಕ್ಕದಲ್ಲಿ ಕಲಾವಿದರ ಒಕ್ಕಲು. ಅವರು ಅಲ್ಲಿ ಬದುಕಬೇಕು, ಅಲ್ಲೇ ದುಡಿಯಬೇಕು, ಆ ದುಡಿಮೆಯಿಂದ ಅಲ್ಲೇ ಉಳಿಯಬೇಕು. ಚಿತ್ರ ನೇತುಹಾಕುವುದು ಆಮೇಲಿನ ಮಾತು.

ಇದಕ್ಕೆ ಚೆನ್ನೈನಲ್ಲಿರುವ ಕಲಾವಿದರ ಕಾಲನಿ ಚೋಳಮಂಡಲಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1960ರ ದಶಕದ ಮದ್ರಾಸು. ಚಿತ್ರಕಾರ ಕೆ.ಸಿ.ಎಸ್. ಪಣಿಕ್ಕರ್ ಅಲ್ಲಿನ ಸರ್ಕಾರಿ ಕಲಾಶಾಲೆಯ ಪ್ರಿನ್ಸಿಪಾಲರು. ಓದು ಮುಗಿಸಿದ ಹುಡುಗರ ಚಿತ್ರ ಕೊಳ್ಳುವವರೇ ಕಡಿಮೆ. ಬೇರೆ ಕೆಲಸ ಹಿಡಿದರೆ ಹೊಟ್ಟೆ ತುಂಬುತ್ತದೆ, ಕುಂಚ ಮೂಲೆ ಸೇರುತ್ತದೆ. ಪಣಿಕ್ಕರ್ ಮತ್ತು ಶಿಷ್ಯರು ಕಂಡುಕೊಂಡ ದಾರಿ ಬಾಟಿಕ್. ಬಟ್ಟೆ ಮೇಲೆ ಮೇಣದಲ್ಲಿ ಚಿತ್ತಾರ ಬರೆದು ಬಣ್ಣಕ್ಕೆ ಅದ್ದುವ ಕೆಲಸ. ಮೇಣ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಚಿತ್ರ ಬರೆಯಬಲ್ಲ ಕೈಗೆ ಇದು ಬೇಗ ಒಲಿಯುತ್ತದೆ, ಕೊಳ್ಳುವವರಿಗೂ ಬೆಲೆ ಎಟುಕುತ್ತದೆ. ಕರಕುಶಲ ಸಂಘ ಕಟ್ಟಿಕೊಂಡು ಇಂಥ ವಸ್ತುಗಳನ್ನು ಮಾರಿದರು. ಆ ಹಣದಿಂದಲೇ ಇಂಜಂಬಾಕ್ಕಂ ಹಳ್ಳಿಯ ಕಡಲಂಚಿನಲ್ಲಿ ಸುಮಾರು 10 ಎಕರೆ ಮರಳು ನೆಲ ಕೊಂಡರು. 1966ರಲ್ಲಿ ಕಾಲನಿ ಶುರುವಾಯಿತು. ದಾನಿಗಳ ನೆರಳಿಲ್ಲ, ಸರ್ಕಾರ ಹಂಚಿದ ಜಾಗವೂ ಅಲ್ಲ. ಕೈಕೆಲಸ ಅನ್ನ ಕೊಟ್ಟಿತು, ಉಳಿದ ಹೊತ್ತು ಕ್ಯಾನ್ವಾಸಿಗೆ ಸಿಕ್ಕಿತು. ಕೈಕೆಲಸ ಕೀಳು, ಚಿತ್ರಕಲೆ ಮೇಲು ಎನ್ನುವವರು ಈ ಲೆಕ್ಕವನ್ನು ಒಮ್ಮೆ ಸರಿಯಾಗಿ ನೋಡಬೇಕು.

ಹೆಸರಿನ ಬಗ್ಗೆಯೂ ಒಂದು ಮಾತು. ಚೋಳಮಂಡಲ ಅಂದರೆ ಚೋಳರ ನಾಡು. ಯುರೋಪಿನವರ ಬಾಯಲ್ಲಿ ಅದೇ ‘ಕೋರಮಂಡಲ’ ಆಯಿತು. ಇವರು ಹಳೆಯ ಹೆಸರನ್ನೇ ಆರಿಸಿಕೊಂಡರು. ಮೈಸೂರಿನ ಕಲಾವಿದ ಎಸ್.ಜಿ. ವಾಸುದೇವ್ ಕೂಡ ಇಲ್ಲಿನ ಮೊದಲಿಗರಲ್ಲಿ ಒಬ್ಬರು. ಅವರ ತಾಮ್ರದ ಉಬ್ಬುಚಿತ್ರಗಳನ್ನು ನೋಡಿದರೆ ಕಲೆ ಎಲ್ಲಿ ಮುಗಿಯಿತು, ಕಸುಬು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆಗುವುದಿಲ್ಲ.

ಕಲಾವಿದರು ಹೋಗಿ ನೆಲೆಸಿದ ಯುರೋಪಿನ ಕಡಲ ಊರುಗಳ ದಾರಿ ಬೇರೆ. ಡೆನ್ಮಾರ್ಕಿನ ಸ್ಕಾಗನ್‌ಗೆ ಕಲಾವಿದರು ಬೆಳಕು, ಬೆಸ್ತರ ಬದುಕು ಹುಡುಕಿ ಹೋದರು. ಊರ ಹೋಟೆಲಿನವರ ಮಗಳು ಆನಾ ಆಂಕರ್ ತಾನೇ ದೊಡ್ಡ ಚಿತ್ರಕಾರ್ತಿಯಾದಳು. ಇಂಗ್ಲೆಂಡಿನ ಸೇಂಟ್ ಐವ್ಸ್‌ಗೆ 1877ರಲ್ಲಿ ರೈಲು ಬಂತು. ಅಲ್ಲಿನ ಬೂತಾಯಿ ಜಾತಿಯ ಪಿಲ್ಚರ್ಡ್ ಮೀನಿನ ಕಸುಬು ಇಳಿಮುಖವಾಯಿತು. ಬಲೆ, ಹಾಯಿ ಇಡುತ್ತಿದ್ದ ಅಟ್ಟಗಳು ಅಗ್ಗದ ಸ್ಟುಡಿಯೋಗಳಾದವು. ಕಲಾವಿದರು ಊರಿಗೆ ಹೆಸರು ತಂದರು, ಹೆಸರು ಪ್ರವಾಸಿಗರನ್ನು ತಂದಿತು. 1993ರಲ್ಲಿ ಲಂಡನ್ನಿನ ಹೆಸರಾಂತ ಕಲಾ ಸಂಗ್ರಹಾಲಯ ಟೇಟ್‌ನ ಗ್ಯಾಲರಿಯೂ ಅಲ್ಲಿಗೆ ಬಂತು. ರಜೆಯ ಮನೆ ಕೊಳ್ಳುವವರು ಜಾಸ್ತಿಯಾಗಿ ಊರಿನವರಿಗೇ ಮನೆ ಸಿಗದ ಹಾಗಾಯಿತು. ಕೊನೆಗೆ 2016ರಲ್ಲಿ ಊರಿನವರು ಮತ ಹಾಕಿ, ಹೊಸದಾಗಿ ಕಟ್ಟುವ ಮನೆಗಳು ಅಲ್ಲೇ ಕಾಯಂ ಆಗಿ ವಾಸಿಸುವವರಿಗೆ ಮಾತ್ರ ಎಂಬ ನಿಯಮ ತಂದರು. ಬಾಡಿಗೆ ನೆಲದ ಮೇಲೆ ಕಟ್ಟಿದ ಒಕ್ಕಲಿಗೆ, ಬೆಲೆ ಏರಿದರೆ ಜಾಗ ಬಿಡಬೇಕಾದೀತು ಎಂಬ ಭಯ ಯಾವಾಗಲೂ ಇರುತ್ತದೆ, ಅಲ್ವಾ?

ಇಂಜಂಬಾಕ್ಕಂ ಇವತ್ತು ಹಳ್ಳಿಯಲ್ಲ, ಚೆನ್ನೈ ಮಹಾನಗರದ ಭಾಗ. ಅಲ್ಲಿ ನೆಲದ ಬೆಲೆ ಎಲ್ಲಿಗೋ ಹೋಗಿದೆ. ಆದರೂ ಚೋಳಮಂಡಲ ಅಲ್ಲೇ ಇದೆ. 2009ರಲ್ಲಿ ಮ್ಯೂಸಿಯಂ ಕೂಡ ತೆರೆಯಿತು. ಹೋದವರು ಹೆಚ್ಚಾಗಿ ಆ ಕಟ್ಟಡ ನೋಡಿ, ಫೋಟೋ ತೆಗೆದು ‘ಕಾಲನಿ ನೋಡಿದೆ’ ಎನ್ನುತ್ತಾರೆ. ಅವರು ನೋಡಿದ್ದು ಮ್ಯೂಸಿಯಂ. ಕಾಲನಿ ಇರುವುದು ಅದರ ಸುತ್ತ, ಕಲಾವಿದರ ಮನೆಗಳಲ್ಲಿ.