ಸೈನಸ್ ಲಿಫ್ಟ್: ತುಂಬಿದ ಪುಡಿ ಮೂಳೆಯಾಗುವ ಬಗೆ

ಮೇಲ್ದವಡೆಯ ಹಿಂದಿನ ಹಲ್ಲು ಕಿತ್ತು ವರ್ಷಗಳಾಗಿದ್ದರೆ ಅಲ್ಲಿನ ಮೂಳೆ ಎರಡೂ ಕಡೆಯಿಂದ ಕರಗಿರುತ್ತದೆ. ಕೆಳಗಿನಿಂದ ಒಸಡಿನ ಕಡೆಯ ಮೂಳೆಯಂಚು ಸವೆಯುತ್ತದೆ, ಮೇಲಿನಿಂದ ಸೈನಸ್ ಎಂಬ ಗಾಳಿಯ ಗೂಡು ಇಳಿದು ಬರುತ್ತದೆ. ನಡುವೆ 2-3 ಮಿ.ಮೀ. ಮೂಳೆಯಷ್ಟೇ ಉಳಿದಿದ್ದರೆ 10 ಮಿ.ಮೀ. ಉದ್ದದ ಇಂಪ್ಲಾಂಟ್, ಅಂದರೆ ಕೃತಕ ಹಲ್ಲಿಗೆ ಬೇರಾಗಿ ಮೂಳೆಯೊಳಗೆ ಕೂರಿಸುವ ತಿರುಪು, ನಿಲ್ಲುವುದಾದರೂ ಎಲ್ಲಿ? ಹಾಗಾಗಿ ಸೈನಸ್‌ನ ತಳದಲ್ಲಿರುವ ಪೊರೆಯನ್ನು ಮೇಲಕ್ಕೆ ಸರಿಸಿ, ಕೆಳಗೆ ಸಿಕ್ಕ ಜಾಗಕ್ಕೆ ಮೂಳೆಪುಡಿ, ಅಂದರೆ ಗ್ರಾಫ್ಟ್, ತುಂಬುತ್ತೇವೆ. ಇದೇ ಸೈನಸ್ ಲಿಫ್ಟ್. ಸೈನಸ್‌ನ ಕೆನ್ನೆ ಬದಿಯ ಪಕ್ಕದ ಗೋಡೆಯಲ್ಲಿ ಕಿಟಕಿ ಕೊರೆದು ಇದನ್ನು ಮಾಡುವ ವಿಧಾನವನ್ನು ದಂತವೈದ್ಯರಾದ ಬಾಯ್ನ್ ಮತ್ತು ಜೇಮ್ಸ್ 1980ರಲ್ಲಿ ಪ್ರಕಟಿಸಿದರು. 1994ರಲ್ಲಿ ಸಮರ್ಸ್ ಎಂಬ ದಂತವೈದ್ಯರು, ಇಂಪ್ಲಾಂಟ್ ಕೂರಿಸುವ ರಂಧ್ರದ ಮೂಲಕವೇ ಪೊರೆ ಎತ್ತುವ ವಿಧಾನವನ್ನು ವಿವರಿಸಿದರು. ಇದರಲ್ಲಿ ಗಾಯ ಚಿಕ್ಕದು, ಆದರೆ ಸಿಗುವ ಎತ್ತರ ಸಾಮಾನ್ಯವಾಗಿ 3-4 ಮಿ.ಮೀ. ಅಷ್ಟೇ.

"ಯಾವ ಪುಡಿ ಹಾಕಿದರೆ ಒಳ್ಳೆಯದು, ಡಾಕ್ಟ್ರೇ?" ಎಂದು ರೋಗಿಗಳು ಕೇಳುತ್ತಾರೆ. ಆ ಪುಡಿಗೆ ರಕ್ತ ಎಲ್ಲಿಂದ ಬರುತ್ತದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ರಕ್ತನಾಳಗಳೂ ಮೂಳೆ ಕಟ್ಟುವ ಜೀವಕೋಶಗಳೂ ಮುಖ್ಯವಾಗಿ ಸೈನಸ್‌ನ ತಳದಿಂದ ಮತ್ತು ಗೋಡೆಗಳಿಂದ ಒಳಗೆ ಬರುತ್ತವೆ. ಹೊಸ ಮೂಳೆ ಅಂಚಿನಿಂದ ಶುರುವಾಗಿ ಕೊನೆಗೆ ನಡುಭಾಗವನ್ನು ಮುಟ್ಟುತ್ತದೆ. ಇಕ್ಕಟ್ಟಾದ ಸೈನಸ್ ಬೇಗ ತುಂಬಿ ಅಗಲವಾದದ್ದು ತಡಮಾಡುವುದು ಇದಕ್ಕೇ. ಪೊರೆಯನ್ನು ಮೂಗಿನ ಪಕ್ಕದ ಒಳಗೋಡೆಯವರೆಗೂ ಬಿಡಿಸದೆ ಅರ್ಧಕ್ಕೇ ನಿಲ್ಲಿಸುವುದು ಹೊಸಬರು ಪದೇ ಪದೇ ಮಾಡುವ ತಪ್ಪು. ಹಾಗೆ ಮಾಡಿದರೆ ಗ್ರಾಫ್ಟ್‌ಗೆ ಒಂದು ಬದಿಯ ರಕ್ತವೇ ಸಿಗುವುದಿಲ್ಲ.

ಇನ್ನು ಪುಡಿಯ ವಿಷಯ. ರೋಗಿಯದೇ ದವಡೆಯಿಂದ ಕೆರೆದು ತೆಗೆದ ಮೂಳೆಯಲ್ಲಿ ಜೀವಂತ ಕೋಶಗಳಿರುತ್ತವೆ, ಅದು ಬೇಗ ಕೂಡಿಕೊಳ್ಳುತ್ತದೆ. ಆದರೆ ಅದಕ್ಕಾಗಿ ಇನ್ನೊಂದು ಗಾಯ ಮಾಡಬೇಕು, ಮೇಲಾಗಿ ಕಾಲಕ್ರಮೇಣ ಅದು ಕುಗ್ಗುತ್ತದೆ. ದಾನಿಗಳ ಮೂಳೆಯನ್ನು ಸಂಸ್ಕರಿಸಿ ತಯಾರಿಸಿದ ಪುಡಿಯಲ್ಲಿ ಜೀವಕೋಶ ಇರುವುದಿಲ್ಲ, ನಿಧಾನವಾಗಿ ಕರಗುತ್ತಾ ಹೊಸ ಮೂಳೆಗೆ ಜಾಗ ಬಿಡುತ್ತದೆ. ದನದ ಮೂಳೆಯಿಂದ ಪ್ರೋಟೀನ್ ತೆಗೆದು ಉಳಿಸಿಕೊಂಡ ಖನಿಜದ ಕಣಗಳು ವರ್ಷಗಟ್ಟಲೆ ಕರಗದೆ ಎತ್ತರವನ್ನು ಕಾಯುತ್ತವೆ. ಕೃತಕ ವಸ್ತುಗಳಲ್ಲಿ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೇಗ ಕರಗುತ್ತದೆ, ಹೈಡ್ರಾಕ್ಸಿಅಪಟೈಟ್ ತಡವಾಗಿ ಕರಗುತ್ತದೆ, ಎರಡನ್ನೂ ಬೆರೆಸಿ ಮಾಡಿದ್ದೂ ಸಿಗುತ್ತದೆ. ಸೈನಸ್‌ನ ಮಟ್ಟಿಗೆ ನಿಧಾನ ಕರಗುವ ಪುಡಿಯೇ ವಾಸಿ, ಏಕೆಂದರೆ ಪ್ರತಿ ಉಸಿರಿನ ಒತ್ತಡವೂ ಮೇಲಿನಿಂದ ಪೊರೆಯನ್ನು ಕೆಳಕ್ಕೆ ತಳ್ಳುತ್ತಿರುತ್ತದೆ. ಕಿಟಕಿ ಕೊರೆಯುವಾಗ ಸಿಗುವ ಸ್ವಂತ ಮೂಳೆಯ ಚೂರುಗಳನ್ನು ಎಸೆಯದೆ ಇದಕ್ಕೆ ಬೆರೆಸಿದರೆ ಇನ್ನೂ ಒಳ್ಳೆಯದು. ಪುಡಿಯ ಮೂಲ ಯಾವುದೆಂದು ರೋಗಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ದನದ್ದು ಅಥವಾ ಬೇರೆ ಮನುಷ್ಯರದ್ದು ಎಂದರೆ ಬೇಡವೆನ್ನುವವರು ಇದ್ದಾರೆ, ಅದು ಅವರ ಹಕ್ಕು.

ಒಂದು ಇಂಪ್ಲಾಂಟ್‌ನ ಜಾಗಕ್ಕೆ ಸಾಮಾನ್ಯವಾಗಿ 1ರಿಂದ 2 ಸಿಸಿ ಪುಡಿ ಸಾಕು. ಅದನ್ನು ಸಲೈನ್‌ನಲ್ಲೋ ರೋಗಿಯ ರಕ್ತದಲ್ಲೋ ನೆನೆಸಿ, ಮೊದಲು ಒಳಗೋಡೆಯ ಕಡೆಗೆ, ಆಮೇಲೆ ಮುಂದಕ್ಕೆ ಹಾಕುತ್ತಾ ಬರಬೇಕು. ಗೋಡೆಗೆ ಗಾರೆ ಮೆತ್ತುವ ಹಾಗೆ ಒತ್ತಿ ತುರುಕಬಾರದು. ಕಣಗಳ ನಡುವಿನ ಸಂದೇ ರಕ್ತನಾಳಗಳ ದಾರಿ; ಅದು ಮುಚ್ಚಿತೋ, ನಡುಭಾಗ ತಿಂಗಳುಗಳಾದರೂ ಒಣ ಪುಡಿಯಾಗಿಯೇ ಉಳಿಯುತ್ತದೆ. ಅತಿಯಾಗಿ ಎತ್ತರಕ್ಕೆ ತುಂಬಿದರೆ ಇನ್ನೊಂದು ಅಪಾಯವಿದೆ: ಸೈನಸ್‌ನ ಕಫ ಮೂಗಿಗೆ ಹರಿದುಹೋಗುವ ತೂತು ಒಳಗೋಡೆಯ ಮೇಲ್ಭಾಗದಲ್ಲಿದೆ, ಅದು ಕಟ್ಟಿಕೊಂಡರೆ ಸೈನಸೈಟಿಸ್, ಅಂದರೆ ಸೈನಸ್‌ನ ಉರಿಯೂತ, ಬರುತ್ತದೆ.

ಅತಿ ಹೆಚ್ಚು ಕಾಡುವ ತೊಂದರೆ ಪೊರೆ ಹರಿಯುವುದು. ಅದರ ದಪ್ಪ ಹಲವರಲ್ಲಿ 1 ಮಿ.ಮೀ. ಕೂಡ ಇರುವುದಿಲ್ಲ. ವಜ್ರದ ಬರ್‌ನಿಂದ (ಡ್ರಿಲ್‌ನ ವಜ್ರಲೇಪಿತ ತುದಿಯಿಂದ) ಮೂಳೆಯನ್ನು ತೆಳುವಾಗಿಸುತ್ತಾ ಹೋದಂತೆ ಒಳಗಿನಿಂದ ನೀಲಿ ಛಾಯೆ ಕಾಣಿಸುತ್ತದೆ, ಅಲ್ಲಿಗೆ ಕೈ ನಿಧಾನಿಸಬೇಕು. ಎತ್ತುವಾಗ ಉಪಕರಣದ ಅಂಚು ಸದಾ ಮೂಳೆಯನ್ನು ಸವರುತ್ತಲೇ ಇರಬೇಕು. ರೋಗಿ ಮೂಗಿನಿಂದ ಉಸಿರಾಡಿದಾಗ ಪೊರೆ ಮೇಲೆ ಕೆಳಗೆ ಆಡಿದರೆ ಅದು ಬಹುತೇಕ ಹರಿದಿಲ್ಲ ಎಂದರ್ಥ. ಕಿಟಕಿಯ ಚೂಪು ಅಂಚು, ಸೈನಸ್‌ನೊಳಗಿನ ಮೂಳೆಯ ಅಡ್ಡಗೋಡೆ, ಇಕ್ಕಟ್ಟಾದ ಮುಂಭಾಗದ ಮೂಲೆ, ಹರಿಯುವುದು ಹೆಚ್ಚಾಗಿ ಇಲ್ಲೇ. ಅಡ್ಡಗೋಡೆಯೂ ಪಕ್ಕದ ಗೋಡೆಯಲ್ಲಿ ಹಾದುಹೋಗುವ ರಕ್ತನಾಳವೂ ಸಿಬಿಸಿಟಿ ಎಂಬ ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್‌ನಲ್ಲಿ ಕಾಣುತ್ತವೆ, ಅದನ್ನು ನೋಡದೆ ಕಿಟಕಿ ಕೊರೆಯಬಾರದು. 5 ಮಿ.ಮೀ. ಒಳಗೆ ಹರಿದಿದ್ದರೆ ಸುತ್ತಲಿನ ಪೊರೆಯನ್ನು ಇನ್ನಷ್ಟು ಸಡಿಲಿಸಿ, ಕೊಲಾಜನ್ ಎಂಬ ಪ್ರೋಟೀನಿನ ಹಾಳೆ ಹೊದಿಸಿ ಮುಂದುವರಿಸಬಹುದು. 10 ಮಿ.ಮೀ. ದಾಟಿದ್ದರೆ ಹೊಲಿಗೆ ಹಾಕಿ ಮುಚ್ಚಿ, ಕೆಲವು ತಿಂಗಳು ಬಿಟ್ಟು ಮತ್ತೆ ಪ್ರಯತ್ನಿಸುವುದೇ ಕ್ಷೇಮ. ಹರಿದ ಪೊರೆಯ ಕೆಳಗೆ ಪುಡಿ ಸುರಿದರೆ ಕಣಗಳು ಸೈನಸ್‌ಗೆ ಜಾರಿ ಸೋಂಕಾಗುತ್ತದೆ.

ಮನೆಗೆ ಹೋದ ಮೇಲೆ ಎರಡು ಮೂರು ವಾರ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ಸ್ಟ್ರಾ ಬಳಸಬಾರದು. ಬೀಡಿ ಸಿಗರೇಟಂತೂ ಕೂಡದು, ರಕ್ತನಾಳ ಬೆಳೆಯುವುದಕ್ಕೆ ಅದು ನೇರ ಅಡ್ಡಿ. ಮೊದಲ ಒಂದೆರಡು ದಿನ ಮೂಗಿನಲ್ಲಿ ರಕ್ತ ಒಸರಿದರೆ ಗಾಬರಿ ಬೇಡ. ಮೂಗಿನಿಂದ ಮರಳಿನಂಥ ಕಣ ಬಂದರೆ, ದುರ್ವಾಸನೆಯ ಸ್ರಾವವಾದರೆ, ಇಳಿಯುತ್ತಿದ್ದ ಊತ ಮತ್ತೆ ಏರಿದರೆ ಅಂದೇ ಬಂದು ತೋರಿಸಬೇಕು.

ಉಳಿದ ಮೂಳೆ 4-5 ಮಿ.ಮೀ. ಇದ್ದು ಬಿಗಿ ಸಿಕ್ಕರೆ ಇಂಪ್ಲಾಂಟ್ ಅದೇ ದಿನ ಹಾಕಬಹುದು. ಅದಕ್ಕಿಂತ ಕಡಿಮೆಯಿದ್ದರೆ ಕಾಯಬೇಕು: ಬಹುಪಾಲು ಸ್ವಂತ ಮೂಳೆಯಾದರೆ 4ರಿಂದ 6 ತಿಂಗಳು, ದನದ ಮೂಳೆಯ ಕಣಗಳಾದರೆ 6ರಿಂದ 9 ತಿಂಗಳು. ಈ ಅವಧಿಯಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಜಾಗ ಬೆಳ್ಳಗೆ ಕಂಡಿತೆಂದು ಅವಸರ ಮಾಡುವುದುಂಟು. ಆದರೆ ಖನಿಜದ ಕಣಗಳು ಹಾಕಿದ ದಿನವೇ ಬೆಳ್ಳಗೆ ಕಾಣುತ್ತವೆ, ಅದು ಮೂಳೆಯಾಗಿದೆಯೋ ಇಲ್ಲವೋ ಎಂಬುದನ್ನು ಎಕ್ಸ್‌ರೇ ಹೇಳಲಾರದು. ಅದು ತಿಳಿಯುವುದು ಡ್ರಿಲ್ ಹಿಡಿದ ಕೈಗೆ. ಮೂಳೆಯಾಗಿದ್ದರೆ ಡ್ರಿಲ್‌ಗೆ ಪ್ರತಿರೋಧ ಸಿಗುತ್ತದೆ, ರಂಧ್ರದಲ್ಲಿ ರಕ್ತ ಒಸರುತ್ತದೆ. ಕಣಗಳು ಸಡಿಲವಾಗಿ ಉದುರಿ, ರಂಧ್ರ ಒಣಗಿಯೇ ಇದ್ದರೆ ಅಂದು ಇಂಪ್ಲಾಂಟ್ ಹಾಕದೆ ಹೊಲಿಗೆ ಹಾಕಿ, ಇನ್ನೂ ಕೆಲವು ತಿಂಗಳು ಬಿಡಬೇಕು.