ಭಾರಿ ಪಿಕಪ್ ಟ್ರಕ್‌ಗಳಲ್ಲಿ ಡೀಸೆಲ್ ಮತ್ತು ಪೆಟ್ರೋಲ್ ಎಂಜಿನ್: ಒಂದು ಅಧ್ಯಯನ ಟಿಪ್ಪಣಿ

ಅಮೆರಿಕದ ಪಿಕಪ್ ಟ್ರಕ್‌ಗಳ ಬಗ್ಗೆ ಓದತೊಡಗಿದ ಕನ್ನಡಿಗರು ಮೊದಲು ಎಡವುವುದು ಎರಡು ಪದಗಳಲ್ಲಿ. ಅಲ್ಲಿ ‘ಗ್ಯಾಸ್’ ಎಂದರೆ ನಮ್ಮ ಪೆಟ್ರೋಲ್. ಅಡುಗೆ ಅನಿಲವೂ ಅಲ್ಲ, ಸಿಎನ್‌ಜಿಯೂ ಅಲ್ಲ. ‘ಪಿಕಪ್’ ಎಂದಾಗ ನಮ್ಮ ಕಣ್ಣಿಗೆ ಬರುವುದು ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊರುವ ಸರಕು ಗಾಡಿ. ಅಲ್ಲಿ ಅದು ದಿನವೂ ಕೆಲಸಕ್ಕೆ ಹೋಗಿಬರುವ, ರಜೆ ಬಂದಾಗ ದೋಣಿಯನ್ನೋ ಕುದುರೆಗಳ ಟ್ರೇಲರನ್ನೋ ಎಳೆಯುವ ಮನೆಯ ವಾಹನವೂ ಹೌದು. ಫೋರ್ಡ್ ಎಫ್-250, ರ‍್ಯಾಮ್ 2500, ಶೆವ್ರೊಲೆ ಸಿಲ್ವರಾಡೊ 2500 ವರ್ಗದ ಭಾರಿ ಪಿಕಪ್‌ಗಳಲ್ಲಿ ಒಂದೇ ಮೈಕಟ್ಟಿಗೆ ಎರಡೂ ಬಗೆಯ ಎಂಜಿನ್ ಸಿಗುವುದರಿಂದ ಹೋಲಿಕೆಗೆ ಅವೇ ಯೋಗ್ಯ.

ಡೀಸೆಲ್ ಎಂಜಿನ್ ಏಕೆ ಕಡಿಮೆ ಇಂಧನ ಕುಡಿಯುತ್ತದೆ ಎಂಬ ಪ್ರಶ್ನೆಗೆ ‘ಸಂಪೀಡನ ಅನುಪಾತ (ಸಿಲಿಂಡರಿನೊಳಗಿನ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು) ಹೆಚ್ಚು’ ಎಂಬ ಉತ್ತರ ಪಠ್ಯಪುಸ್ತಕಗಳಲ್ಲಿ ಸಿದ್ಧವಾಗಿರುತ್ತದೆ. ಇದು ಅರ್ಧ ಉತ್ತರ ಮಾತ್ರ. ಅನುಪಾತ 10 ಇರುವ ಆದರ್ಶ ಆಟೊ (Otto) ಚಕ್ರದ, ಅಂದರೆ ಪೆಟ್ರೋಲ್ ಎಂಜಿನ್ನಿನ ಸೈದ್ಧಾಂತಿಕ ಮಾದರಿಯ, ದಕ್ಷತೆಯನ್ನು ಲೆಕ್ಕ ಹಾಕಿದರೆ ಶೇ. 60 ಬರುತ್ತದೆ, ಅನುಪಾತ 16, ಕಟ್-ಆಫ್ ಅನುಪಾತ (ಇಂಧನ ಉರಿಯುವ ಹೊತ್ತಿನಲ್ಲಿ ಸಿಲಿಂಡರಿನೊಳಗಿನ ಗಾತ್ರ ಹಿಗ್ಗುವ ಪಟ್ಟು) 2 ಎಂದು ಇಟ್ಟುಕೊಂಡ ಆದರ್ಶ ಡೀಸೆಲ್ ಚಕ್ರಕ್ಕೆ ಸುಮಾರು ಶೇ. 61 ಬರುತ್ತದೆ. ಇಷ್ಟು ದೊಡ್ಡ ಎಂಜಿನ್ ಕಟ್ಟಿ ಗಳಿಸಿದ್ದು ಶೇ. 1 ಮಾತ್ರವೇ ಎಂದು ನನಗೂ ಮೊದಲ ಸಲ ಅಚ್ಚರಿಯಾಗಿತ್ತು. ಹೊರೆ ಕಡಿಮೆಯಾದಾಗ ನೋಡಬೇಕು: ಚಿಮ್ಮಿಸುವ ಇಂಧನ ತಗ್ಗಿ ಕಟ್-ಆಫ್ ಅನುಪಾತ 1.2ಕ್ಕೆ ಇಳಿದರೆ ಅದೇ ಡೀಸೆಲ್ ಚಕ್ರದ ದಕ್ಷತೆ ಸುಮಾರು ಶೇ. 66ಕ್ಕೆ ಏರುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಆಗುವುದು ಇದಕ್ಕೆ ವಿರುದ್ಧ. ಅಲ್ಲಿ ಶಕ್ತಿ ತಗ್ಗಿಸಬೇಕಾದರೆ ಥ್ರಾಟಲ್ ಮುಚ್ಚಿ ಗಾಳಿಯನ್ನೇ ತಡೆಯಬೇಕು. ಅರೆಮುಚ್ಚಿದ ಬಾಗಿಲಿನ ಮೂಲಕ ಗಾಳಿ ಎಳೆದುಕೊಳ್ಳುವ ಶ್ರಮದಲ್ಲೇ ಒಂದಿಷ್ಟು ಶಕ್ತಿ ಸೋರಿಹೋಗುತ್ತದೆ. ವಾಸ್ತವದ ಎಂಜಿನ್‌ಗಳ ದಕ್ಷತೆ ಈ ಆದರ್ಶ ಅಂಕಿಗಳಿಗಿಂತ ಬಹಳ ಕೆಳಗಿರುತ್ತದೆಯಾದರೂ ಅಂತರದ ಕಾರಣ ಇದೇ. ಇದಲ್ಲದೆ ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಡೀಸೆಲ್‌ನಲ್ಲಿ ಅಷ್ಟೇ ಪೆಟ್ರೋಲ್‌ಗಿಂತ ಶೇ. 10ರಿಂದ 15ರಷ್ಟು ಹೆಚ್ಚು ಶಕ್ತಿ ಅಡಗಿದೆ; ಇದು ಎಂಜಿನ್ನಿನ ಹೆಚ್ಚುಗಾರಿಕೆಯಲ್ಲ, ದ್ರವದ ಸಾಂದ್ರತೆಯ ಫಲ.

ತಿರುಗುಬಲದ (ಟಾರ್ಕ್) ವಿಷಯಕ್ಕೆ ಬಂದರೆ 2023ರ ಫೋರ್ಡ್ ಸೂಪರ್ ಡ್ಯೂಟಿ ಒಳ್ಳೆಯ ಉದಾಹರಣೆ. ಅದರ 7.3 ಲೀಟರ್ ಪೆಟ್ರೋಲ್ ವಿ-8 ಎಂಜಿನ್ 430 ಅಶ್ವಶಕ್ತಿ ಮತ್ತು 485 ಪೌಂಡ್-ಅಡಿ ತಿರುಗುಬಲ ಕೊಟ್ಟರೆ, 6.7 ಲೀಟರ್ ಡೀಸೆಲ್ 475 ಅಶ್ವಶಕ್ತಿ ಮತ್ತು 1,050 ಪೌಂಡ್-ಅಡಿ ಕೊಡುತ್ತದೆ. ಅಶ್ವಶಕ್ತಿಯಲ್ಲಿ ಹೆಚ್ಚು ಅಂತರವಿಲ್ಲ, ತಿರುಗುಬಲದಲ್ಲಿ ಎರಡು ಪಟ್ಟಿಗೂ ಮಿಗಿಲು. ಇವೆರಡನ್ನೂ ಬೆಸೆಯುವ ಸೂತ್ರ ಸರಳ: ಪೌಂಡ್-ಅಡಿಯ ತಿರುಗುಬಲವನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 5,252ರಿಂದ ಭಾಗಿಸಿದರೆ ಅಶ್ವಶಕ್ತಿ ಸಿಗುತ್ತದೆ. ನಿಮಿಷಕ್ಕೆ 1,600 ಸುತ್ತಿನಲ್ಲಿ ಈ ಡೀಸೆಲ್ 320 ಅಶ್ವಶಕ್ತಿ ಕೊಡುತ್ತಿರುತ್ತದೆ. ಪೆಟ್ರೋಲ್ ಎಂಜಿನ್ ತನ್ನ ಗರಿಷ್ಠ ತಿರುಗುಬಲವನ್ನು ಅಷ್ಟು ಕೆಳಗೇ ಕೊಡುತ್ತದೆಂದು ಉದಾರವಾಗಿ ಊಹಿಸಿದರೂ 148ನ್ನು ದಾಟಲಾರದು. ಹಾಗೆಂದು ಪೆಟ್ರೋಲ್ ಟ್ರಕ್ ಏರು ಹತ್ತುವುದಿಲ್ಲ ಎಂದಲ್ಲ. ಗೇರು ಇಳಿಸಿ, 4,000 ಸುತ್ತು ದಾಟಿ, ಅಬ್ಬರಿಸುತ್ತಾ ಹತ್ತುತ್ತದೆ. ಅದರಿಂದ ಎಂಜಿನ್ ಹಾಳಾಗುತ್ತದೆಂಬ ಮಾತು ನನ್ನ ಅಭಿಪ್ರಾಯದಲ್ಲಿ ಕಿವಿಯ ದೂರೇ ಹೊರತು ಲೋಹದ ದೂರಲ್ಲ.

ಎತ್ತರದ ಪ್ರದೇಶದಲ್ಲಿ ಮಾತ್ರ ಪೆಟ್ರೋಲ್ ನಿಜವಾಗಿ ಸೋಲುತ್ತದೆ. ಕೊಲರಾಡೊದಲ್ಲಿ ಐ-70 ಹೆದ್ದಾರಿಯು ಐಸೆನ್‌ಹೋವರ್ ಸುರಂಗದ ಬಳಿ 11,000 ಅಡಿ ಎತ್ತರ ಮುಟ್ಟುತ್ತದೆ. ಟರ್ಬೊ (ಹೊಗೆಯ ಬಲದಿಂದ ತಿರುಗಿ ಗಾಳಿ ತುಂಬುವ ಪಂಪು) ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸರಿಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ ಅಲ್ಲಿ 430 ಅಶ್ವಶಕ್ತಿ 300ರ ಆಸುಪಾಸಿಗೆ ಕುಸಿಯುತ್ತದೆ. ಡೀಸೆಲ್‌ನ ಟರ್ಬೊ ತೆಳುಗಾಳಿಯನ್ನು ಒತ್ತಿ ತುಂಬಿ ಆ ನಷ್ಟವನ್ನು ಬಹುಪಾಲು ತುಂಬಿಕೊಡುತ್ತದೆ. ಇಳಿಜಾರಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. ಥ್ರಾಟಲ್‌ನಿಂದ ಗಾಳಿ ತಡೆಯದ ಡೀಸೆಲ್ ಎಂಜಿನ್ ಸ್ವಭಾವತಃ ವಾಹನವನ್ನು ಹಿಡಿದು ನಿಲ್ಲಿಸುವುದರಲ್ಲಿ ದುರ್ಬಲ. ಆ ಕೊರತೆ ನೀಗಲು ಟರ್ಬೊದ ರೆಕ್ಕೆಗಳನ್ನೇ ಕಿರಿದುಗೊಳಿಸಿ ಹೊಗೆಯ ಹಾದಿಯನ್ನು ಬಿಗಿಯುವ ಎಕ್ಸಾಸ್ಟ್ ಬ್ರೇಕ್ ಜೋಡಿಸಿದರು. ಕೊನೆಗೆ ಆ ದೌರ್ಬಲ್ಯವೇ ಡೀಸೆಲ್‌ನ ದೊಡ್ಡ ಆಕರ್ಷಣೆಯಾಯಿತು. ಐದು ಟನ್ ಟ್ರೇಲರ್ ಬೆನ್ನಿಗಿರುವಾಗ ಬ್ರೇಕ್ ಕಾಯಿಸದೆ ಘಾಟಿ ಇಳಿಯುವ ಸೌಕರ್ಯಕ್ಕೆ ಬೆಲೆ ಕಟ್ಟುವುದು ಕಷ್ಟ.

ಎಳೆಯುವುದು ಬೇರೆ, ಹೊರುವುದು ಬೇರೆ ಎಂಬುದನ್ನು ಇಲ್ಲಿ ಮರೆಯಬಾರದು. ಡೀಸೆಲ್ ಎಂಜಿನ್ ನೂರಾರು ಪೌಂಡ್ ಹೆಚ್ಚು ತೂಗುತ್ತದೆ, ಆದರೆ ಟ್ರಕ್‌ನ ಒಟ್ಟು ತೂಕದ ಮಿತಿ, ಉದಾಹರಣೆಗೆ 10,000 ಪೌಂಡ್, ಹಾಗೆಯೇ ಉಳಿದರೆ ಹೊರೆಯ ಪಾಲೇ ಕರಗುತ್ತದೆ. ಹಿಂಬದಿಯ ತೊಟ್ಟಿಯೊಳಗೆ ಕೊಕ್ಕೆ ಊರುವ ಫಿಫ್ತ್-ವೀಲ್ ಟ್ರೇಲರ್ 12,000 ಪೌಂಡ್ ತೂಗಿ, ಅದರ ಐದನೇ ಒಂದು ಭಾಗ ಟ್ರಕ್ ಮೇಲೆ ಕೂತರೆ 2,400 ಪೌಂಡ್ ಆಯಿತು. ಎಳೆಯುವ ಬಲ ಧಾರಾಳವಾಗಿದ್ದರೂ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದ ಹೊರೆಯ ಮಿತಿ ಮೀರಿರುವ ಸಾಧ್ಯತೆ ಉಂಟು.

ಇನ್ನು ಹಣದ ಲೆಕ್ಕ. ಭಾರತದಲ್ಲಿ ಡೀಸೆಲ್ ಅಗ್ಗ ಎಂಬ ಅಭ್ಯಾಸದಿಂದ ಯೋಚಿಸಿದರೆ ಇಲ್ಲಿ ದಾರಿ ತಪ್ಪುತ್ತದೆ. ಅಮೆರಿಕದ ಕೇಂದ್ರ ಸರ್ಕಾರದ ತೆರಿಗೆಯೇ ಗ್ಯಾಲನ್‌ಗೆ ಪೆಟ್ರೋಲ್ ಮೇಲೆ 18.4 ಸೆಂಟ್, ಡೀಸೆಲ್ ಮೇಲೆ 24.4 ಸೆಂಟ್, ಬಂಕ್‌ನಲ್ಲಿಯೂ ಸಾಮಾನ್ಯವಾಗಿ ಡೀಸೆಲ್ಲೇ ದುಬಾರಿ. ಅಷ್ಟೇ ಅಲ್ಲ, ಒಟ್ಟು ತೂಕದ ಮಿತಿ 8,500 ಪೌಂಡ್ ಮೀರಿದ ಪಿಕಪ್‌ಗಳಿಗೆ ಸರ್ಕಾರ ಮೈಲೇಜ್ ಚೀಟಿ ಅಂಟಿಸುವುದಿಲ್ಲವಾದ್ದರಿಂದ ಕೊಳ್ಳುವವರು ತಾವೇ ಅಳೆಯಬೇಕು. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ: ಡೀಸೆಲ್ ಎಂಜಿನ್ನಿಗೆ 10,000 ಡಾಲರ್ ಹೆಚ್ಚು, ಪೆಟ್ರೋಲ್ ಗ್ಯಾಲನ್‌ಗೆ 3.20, ಡೀಸೆಲ್ 3.80 ಡಾಲರ್. ಖಾಲಿ ಓಡಿಸುವಾಗ ಪೆಟ್ರೋಲ್ 14 ಮೈಲಿ, ಡೀಸೆಲ್ 17 ಮೈಲಿ ಕೊಟ್ಟರೆ ಮೈಲಿಗೆ 22.9 ಮತ್ತು 22.4 ಸೆಂಟ್ ಬೀಳುತ್ತದೆ. ಉಳಿತಾಯ ಅರ್ಧ ಸೆಂಟ್. ಆ 10,000 ಡಾಲರ್ ಮರಳಲು ಸುಮಾರು 20 ಲಕ್ಷ ಮೈಲಿ ಓಡಿಸಬೇಕು! ಟ್ರೇಲರ್ ಎಳೆಯುವಾಗ 8 ಮತ್ತು 11 ಮೈಲಿ ಎಂದರೆ ವೆಚ್ಚ 40 ಮತ್ತು 34.5 ಸೆಂಟ್‌ಗೆ ಬಂದು, 1.83 ಲಕ್ಷ ಮೈಲಿಗೆ ಲೆಕ್ಕ ಸರಿಹೋಗುತ್ತದೆ. ಮಾರುವಾಗ ಡೀಸೆಲ್ ಟ್ರಕ್‌ಗೆ ಹೆಚ್ಚು ಬೆಲೆ ಬಂದು ಒಂದಿಷ್ಟು ಮರಳುವುದು ನಿಜ. ಎಂಜಿನ್ ಆಯಿಲ್, ಇಂಧನ ಫಿಲ್ಟರ್‌ಗಳ ಹೆಚ್ಚುವರಿ ಖರ್ಚನ್ನು ಇಲ್ಲಿ ಸೇರಿಸಿಲ್ಲ ಎಂಬುದೂ ಅಷ್ಟೇ ನಿಜ. ಆದ್ದರಿಂದ ಇಂಧನ ಉಳಿಸಲೆಂದು ಡೀಸೆಲ್ ಕೊಳ್ಳುವುದು ತಪ್ಪು ಲೆಕ್ಕ. ಭಾರ ಎಳೆಯಲೆಂದು ಕೊಳ್ಳುವುದಾದರೆ ಅದಕ್ಕೆ ಅರ್ಥವಿದೆ.

ಇಂಗಾಲದ ಲೆಕ್ಕವೂ ಇದೇ ಜಾಡಿನದು. ಒಂದು ಗ್ಯಾಲನ್ ಪೆಟ್ರೋಲ್ ಉರಿದರೆ 8,887 ಗ್ರಾಂ, ಡೀಸೆಲ್ ಉರಿದರೆ 10,180 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಮೇಲಿನ 14 ಮತ್ತು 17 ಮೈಲಿಗಳ ಹೋಲಿಕೆಯಲ್ಲಿ ಡೀಸೆಲ್‌ನ ಲಾಭ ಶೇ. 6ಕ್ಕಿಂತ ಕಡಿಮೆ.

ಹಳೆಯ ಡೀಸೆಲ್‌ಗಳ ಕುರಿತ ‘ಹತ್ತು ಲಕ್ಷ ಮೈಲಿ’ಯ ಕಥೆಗಳನ್ನು ಇಂದಿನ ಎಂಜಿನ್‌ಗಳಿಗೆ ಹಾಗೆಯೇ ಅನ್ವಯಿಸಲಾಗದು. 2007ರ ನಿಯಮಗಳೊಂದಿಗೆ ಮಸಿ ಹಿಡಿಯುವ ಫಿಲ್ಟರ್ ಬಂದಿತು. 2010ರ ಮಿತಿಗಳನ್ನು ಮುಟ್ಟಲು ನೈಟ್ರೋಜನ್ ಆಕ್ಸೈಡ್‌ಗಳ ಮೇಲೆ ಶೇ. 32.5ರ ಯೂರಿಯಾ ದ್ರಾವಣ ಚಿಮುಕಿಸುವ ವ್ಯವಸ್ಥೆ ಸೇರಿತು. ಫಿಲ್ಟರ್‌ನಲ್ಲಿ ಕೂತ ಮಸಿ ಸುಟ್ಟುಹೋಗಲು ಹೊಗೆ ಚೆನ್ನಾಗಿ ಕಾದಿರಬೇಕು, ಅದಕ್ಕೆ ಹೊರೆಯೊಂದಿಗೆ ಬಹುಹೊತ್ತು ಓಡಬೇಕು. ಮಕ್ಕಳನ್ನು ಶಾಲೆಗೆ ಬಿಟ್ಟು ಮೂರು ಮೈಲಿಯಲ್ಲಿ ಮರಳಿ ಬರುವ ಡೀಸೆಲ್ ಟ್ರಕ್ ಎಂದೂ ಅಷ್ಟು ಕಾಯದು. ಮಸಿ ಕಟ್ಟುತ್ತದೆ, ದುರಸ್ತಿಯ ಬಿಲ್ ಸಾವಿರ ಡಾಲರ್‌ಗಳಲ್ಲಿ ಬರುತ್ತದೆ. ಬಳಸಿದ ಡೀಸೆಲ್ ಟ್ರಕ್ ನೋಡುವಾಗ ಓಡಿದ ಮೈಲಿಗಳ ಜೊತೆಗೆ ಎಂಜಿನ್ ಗಂಟೆಗಳನ್ನೂ ಓದಬೇಕಾದದ್ದು ಇದಕ್ಕಾಗಿಯೇ. ಒಂದು ಲಕ್ಷ ಮೈಲಿಗೆ 2,500 ಗಂಟೆ ತೋರಿಸಿದರೆ ಸರಾಸರಿ ವೇಗ 40 ಮೈಲಿ, ಅದು ಬಹುಪಾಲು ಹೆದ್ದಾರಿಯಲ್ಲಿ ಓಡಿದ ಗಾಡಿ; 5,000 ಗಂಟೆ ತೋರಿಸಿದರೆ ಸರಾಸರಿ 20 ಮೈಲಿ, ಅದು ನಿಂತಲ್ಲೇ ಗುರುಗುಟ್ಟುತ್ತಾ ಮಸಿ ಕೂಡಿಹಾಕಿದ ಗಾಡಿ.