ಪದ ಪರಿಚಯ: ಫ್ರಾಂಚೈಸಿ

ಒಂದೇ ಹೆಸರಿನ ಹತ್ತು ಹೋಟೆಲ್‌ಗಳಿದ್ದರೆ ಅದು ಚೈನ್. ಹತ್ತಕ್ಕೂ ಮಾಲೀಕರು ಒಬ್ಬರೇ ಇರಬಹುದು. ಬೋರ್ಡಿನ ಮೇಲಿನ ಹೆಸರು ಒಬ್ಬರದು, ಹಾಕಿದ ಬಂಡವಾಳ ಇನ್ನೊಬ್ಬರದು ಎಂದಾದರೆ ಅದು ಫ್ರಾಂಚೈಸಿ. ಊಟಕ್ಕೆ ಬಂದ ಗಿರಾಕಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಗೊತ್ತಾಗಲೂಬಾರದು. ಈ ವ್ಯಾಪಾರ ನಿಂತಿರುವುದೇ ಅದರ ಮೇಲೆ.

ಫ್ರಾಂಚೈಸಿ ತೆಗೆದುಕೊಳ್ಳುವವರು ಮೊದಲಿಗೆ ಒಂದು ಶುಲ್ಕ ಕಟ್ಟುತ್ತಾರೆ, ಆಮೇಲೆ ಹೆಸರು ಬಳಸುವುದಕ್ಕೆ ರಾಯಲ್ಟಿ ಎಂಬ ಪಾಲು ಕೊಡುತ್ತಾ ಹೋಗುತ್ತಾರೆ. ರಾಯಲ್ಟಿಯನ್ನು ಸಾಮಾನ್ಯವಾಗಿ ಲಾಭದ ಮೇಲಲ್ಲ, ಒಟ್ಟು ಮಾರಾಟದ ಮೇಲೆ ಲೆಕ್ಕ ಹಾಕುತ್ತಾರೆ. ಅಂಗಡಿ ನಷ್ಟದಲ್ಲಿದ್ದರೂ ಅದು ತಪ್ಪದು. ಒಪ್ಪಂದಕ್ಕೆ ಸಹಿ ಹಾಕುವ ಉತ್ಸಾಹದಲ್ಲಿ ಕಣ್ತಪ್ಪಿಹೋಗುವ ಸಾಲು ಇದೇ.

ಹೋಟೆಲ್ ಉದ್ಯಮದಲ್ಲಿ ಈ ಪದ್ಧತಿ ಬೇರೂರಿದ್ದು ಅಮೆರಿಕದಲ್ಲಿ. ರಾಯ್ ಅಲೆನ್ 1919ರಲ್ಲಿ ಕ್ಯಾಲಿಫೋರ್ನಿಯಾದ ಲೋಡೈನಲ್ಲಿ ರೂಟ್ ಬಿಯರ್ ಎಂಬ ಸಿಹಿ ತಂಪು ಪಾನೀಯ ಮಾರಲು ಶುರುಮಾಡಿದರು. ಅದೇ ಮುಂದೆ ಎ ಅಂಡ್ ಡಬ್ಲ್ಯೂ ಎಂಬ ಚೈನ್ ಆಗಿ, 1920ರ ದಶಕದಲ್ಲೇ ಫ್ರಾಂಚೈಸಿ ಕೊಡತೊಡಗಿತು. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ಹೊಸ ಶಾಖೆಗೆ ಕೈಯಲ್ಲಿ ಹಣವಿಲ್ಲದ ಹೋಟೆಲ್ ಮಾಲೀಕ ಹೋವರ್ಡ್ ಜಾನ್ಸನ್, 1935ರಲ್ಲಿ ತಮ್ಮ ಹೆಸರು ಹಾಕಿಕೊಳ್ಳಲು ಪರಿಚಿತರೊಬ್ಬರಿಗೆ ಅನುಮತಿ ಕೊಟ್ಟರು. 1952ರಲ್ಲಿ ಕೆಎಫ್‌ಸಿಯ ಹಾರ್ಲಂಡ್ ಸ್ಯಾಂಡರ್ಸ್ ತಮ್ಮ ಕೋಳಿಯ ಪಾಕವಿಧಾನವನ್ನು ಮೊದಲ ಬಾರಿಗೆ ಫ್ರಾಂಚೈಸಿ ಕೊಟ್ಟದ್ದು ಸಾಲ್ಟ್ ಲೇಕ್ ಸಿಟಿಯ ಪೀಟ್ ಹಾರ್ಮನ್‌ಗೆ. ಮಾರಾಟವಾದ ಪ್ರತಿ ಕೋಳಿಗೆ ಕೆಲವೇ ಸೆಂಟ್ ಸ್ಯಾಂಡರ್ಸ್ ಪಾಲು.

ಲೆಕ್ಕಾಚಾರ ನಿಜವಾಗಿ ಬದಲಾದದ್ದು ಮೆಕ್‌ಡೊನಾಲ್ಡ್ಸ್‌ನಲ್ಲಿ. ಮಿಲ್ಕ್‌ಶೇಕ್ ಯಂತ್ರ ಮಾರುತ್ತಿದ್ದ ರೇ ಕ್ರಾಕ್, ಮೆಕ್‌ಡೊನಾಲ್ಡ್ ಸಹೋದರರಿಂದ ಫ್ರಾಂಚೈಸಿ ಹಂಚುವ ಹಕ್ಕು ಪಡೆದು 1955ರಲ್ಲಿ ಇಲಿನಾಯ್‌ನ ಡೆಸ್ ಪ್ಲೇನ್ಸ್‌ನಲ್ಲಿ ಅಂಗಡಿ ತೆರೆದರು. ಫ್ರಾಂಚೈಸಿ ಪಡೆಯುವವರಿಗೆ ಶುಲ್ಕ 950 ಡಾಲರ್, ಮಾರಾಟದ ಮೇಲೆ ಶೇ 1.9, ಅದರಲ್ಲೂ ಶೇ 0.5 ಸಹೋದರರಿಗೆ. ಉಳಿದದ್ದರಲ್ಲಿ ಕಂಪನಿ ನಡೆಸುವುದೇ ಕಷ್ಟವಾಗಿತ್ತು. ಆಗ ಕಂಪನಿಯ ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯಾರಿ ಸಾನ್ಬಾರ್ನ್ ಒಂದು ದಾರಿ ತೋರಿಸಿದರು: ಜಾಗವನ್ನು ಕಂಪನಿಯೇ ಭೋಗ್ಯಕ್ಕೆ ಪಡೆದು, ಫ್ರಾಂಚೈಸಿದಾರರಿಗೆ ಹೆಚ್ಚಿನ ಬಾಡಿಗೆಗೆ ಕೊಡುವುದು. ಇದರಿಂದ ಬರ್ಗರ್ ಕಂಪನಿ ಬಾಡಿಗೆ ವಸೂಲು ಮಾಡುವ ಮಾಲೀಕನ ಸ್ಥಾನಕ್ಕೆ ಬಂತು. ಹೇಳಿದ ಮಾತು ಕೇಳದವರನ್ನು ಬಾಡಿಗೆ ಕರಾರಿನ ಬಲದಿಂದಲೇ ದಾರಿಗೆ ತರಬಹುದಿತ್ತು. ಇಡೀ ಪ್ರಾಂತ್ಯವನ್ನು ಒಬ್ಬರಿಗೇ ಬರೆದುಕೊಡುವ ಆಗಿನ ರೂಢಿಯನ್ನೂ ಕ್ರಾಕ್ ಬಿಟ್ಟರು. ಒಂದು ಸಲಕ್ಕೆ ಒಂದೇ ಅಂಗಡಿ. ನನ್ನ ಪ್ರಕಾರ ಕಂಪನಿ ಬೆಳೆದದ್ದಕ್ಕೆ ಬರ್ಗರ್‌ನ ರುಚಿಗಿಂತ ಈ ಎರಡು ನಿರ್ಧಾರಗಳೇ ದೊಡ್ಡ ಕಾರಣ.

ಫ್ರಾಂಚೈಸಿ ಹೆಸರಲ್ಲಿ ಮೋಸವೂ ನಡೆಯಿತು. 1978ರಲ್ಲಿ ವ್ಯಾಪಾರದಲ್ಲಿನ ಮೋಸ ತಡೆಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಹಣ ಪಡೆಯುವ ಮೊದಲೇ ವ್ಯವಹಾರದ ವಿವರಗಳನ್ನು ಬರಹದಲ್ಲಿ ಕೊಡಬೇಕೆಂಬ ನಿಯಮ ತಂದಿತು.

ಬೇರೆಯವರ ಬಂಡವಾಳದಲ್ಲಿ ಹೀಗೆ ಬೆಳೆಯಬಹುದಾದರೆ ಕೆಲವು ಚೈನ್‌ಗಳು ಒಂದೇ ಪ್ರದೇಶದಲ್ಲಿ ಉಳಿಯುವುದೇಕೆ? ಫ್ರಾಂಚೈಸಿಯಿಂದ ಬಂಡವಾಳದ ಕೊರತೆ ನೀಗುತ್ತದೆ, ಸರಕು ಸಾಗಣೆ ಮತ್ತು ಮೇಲ್ವಿಚಾರಣೆಯ ತಲೆನೋವು ನೀಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1948ರಲ್ಲಿ ಶುರುವಾದ ಇನ್-ಎನ್-ಔಟ್ ಎಂಬ ಬರ್ಗರ್ ಚೈನ್ ಫ್ರಾಂಚೈಸಿ ಕೊಡುವುದೇ ಇಲ್ಲ, ತನ್ನ ಉಗ್ರಾಣದಿಂದ ತಾಜಾ ಮಾಂಸ ತಲುಪುವಷ್ಟು ದೂರದಲ್ಲಷ್ಟೇ ಅಂಗಡಿ ತೆರೆಯುತ್ತದೆ. ಅದು ರಾಜ್ಯದ ಗಡಿ ದಾಟಿ ಪಕ್ಕದ ನೆವಾಡಾಕ್ಕೆ ಕಾಲಿಟ್ಟದ್ದು 1992ರಲ್ಲಿ.